ಬಾಗಿಲ ಮೇಲಿನ ಲೋಳೆಸರ

ಯಲ್ಲಾಪುರಕ್ಕೆ ಬಂದ ಮೂರನೆಯ ವಾರ. ಹೊಸ್ತಿಲು ದಾಟುವಾಗ ಹಣೆಯ ಮೇಲೆ ತಣ್ಣನೆಯ ಹನಿಯೊಂದು ಬಿತ್ತು. ಮಳೆ ಸೋರಿತೆಂದು ಒರೆಸಿಕೊಂಡರೆ ಬೆರಳಿಗೆ ಲೋಳೆ ಅಂಟಿತು. ತಲೆಯೆತ್ತಿ ನೋಡಿದೆ. ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದ್ದ ಲೋಳೆಸರ ಕಪ್ಪಾಗಿ ಕೊಳೆಯುತ್ತಿತ್ತು. ನನಗಾಗ ಐದು ತಿಂಗಳು.

ಬಾಗಲಕೋಟೆ ಕಡೆಯ ಓದುಗರಾದ ನಿಮಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಮ್ಮಲ್ಲಿ ಬೇರು ಮೇಲೆ ಮಾಡಿ ಕಟ್ಟಿದ ಲೋಳೆಸರ ಮಣ್ಣು, ನೀರು ಎರಡೂ ಇಲ್ಲದೆ ಹಸಿರಾಗಿರುತ್ತದೆ, ಮನೆಗೆ ತಗಲುವ ದೃಷ್ಟಿಯನ್ನು ತಾನೇ ತಡೆಯುತ್ತದೆ. ನಾನು ಎರಡು ಕೂಸುಗಳನ್ನು ಹೆತ್ತು ಹೂತು ಬಂದವಳು. ನಮ್ಮ ಸೀಮೆ ಮುಂಬಯಿ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಯಜಮಾನರಿಗೆ ಇಲ್ಲಿಯ ನಾಟಾ ಡಿಪೋಕ್ಕೆ, ಅಂದರೆ ದಿಮ್ಮಿಗಳನ್ನು ಪೇರಿಸಿಡುವ ಅಂಗಳಕ್ಕೆ, ಕಾರಕೂನರಾಗಿ ವರ್ಗವಾಯಿತು. ಹೊರಡುವ ದಿನ ಅತ್ತೆಯವರು ತಮ್ಮ ಬಾಗಿಲಿನದನ್ನೇ ಬಿಚ್ಚಿ ನನ್ನ ಉಡಿಗೆ ಹಾಕಿದರು.

“ಇದು ಹಸರ ಇರೂತನಕ ನಿನ್ನ ಹೊಟ್ಯಾಗಿನ ಕೂಸಿಗೆ ಏನೂ ಆಗೂದಿಲ್ಲವಾ. ಮಣ್ಣಿಗಿ ಮಾತ್ರ ತಾಗಿಸಬ್ಯಾಡ. ಮಣ್ಣಿಗಿ ಕೊಟ್ಟದ್ದು ಸಾಕು.”

ಇಲ್ಲಿಯ ಮಳೆಗೆ ಅತ್ತೆಯವರ ಮಾತು ಗೊತ್ತಿರಲಿಲ್ಲ. ನಮ್ಮಲ್ಲಿ ಮಳೆ ಬಂದರೆ ಓಣಿಯೆಲ್ಲ ಹೊರಗೆ ನಿಲ್ಲುತ್ತದೆ. ಇಲ್ಲಿ ಎಲ್ಲರೂ ಕದ ಹಾಕಿಕೊಳ್ಳುತ್ತಾರೆ. ಉಪ್ಪು ನೀರಾಗುತ್ತದೆ, ಟ್ರಂಕಿನೊಳಗಿನ ಮದುವೆ ಸೀರೆಗೂ ಬೂಸ್ಟು. ಜೋಳ ಸಿಗದೆ ಎರಡು ಹೊತ್ತೂ ಅನ್ನ. ಉಂಡೆನೋ ಇಲ್ಲವೋ ಎಂದು ಹೊಟ್ಟೆಯನ್ನೇ ಕೇಳಬೇಕು. ಮಾತಿಗೊಬ್ಬರಿಲ್ಲ. ದಿನಕ್ಕೆ ಹತ್ತು ಸಲ ಕತ್ತೆತ್ತಿ ಗಿಡ ನೋಡುತ್ತಿದ್ದೆ. ಒಂದೊಂದೇ ಎಲೆ ಹೋಗುತ್ತಿತ್ತು. ಮಗು ಮಿಸುಕದ ಮಧ್ಯಾಹ್ನಗಳಲ್ಲಿ ಹೆದರಿ ಹೊಟ್ಟೆ ಹಿಡಿದು ಕುಳಿತಿರುತ್ತಿದ್ದೆ.

ಪಕ್ಕದ ಮನೆಯ ಗಂಗಕ್ಕ ಒಂದು ದಿನ ಮಜ್ಜಿಗೆ ಕೊಡಲು ಬಂದವರು ಬಾಗಿಲಲ್ಲೇ ನಿಂತರು.

“ಅಯ್ಯೋ ತಂಗಿ, ಗಿಡನ್ನ ಎಂತಕ್ಕೆ ಹಿಂಗೆ ನೇತುಹಾಕಿದ್ದೆ? ಈ ಥಂಡಿಗೆ ಎಂತದೂ ಒಣಗ್ತಿಲ್ಲೆ. ಕೊಳೆತಿದ್ದು ಕೊಯ್ದು ನೆಟ್ರೆ ಬದುಕ್ತು.”

“ಮಣ್ಣಿಗಿ ತಾಗಿಸಬಾರದ್ರಿ ಅಕ್ಕಾರ,” ಎಂದು ಅತ್ತುಬಿಟ್ಟೆ. ಎಲ್ಲ ಹೇಳಿದೆ.

ಅವರು ನಗಲಿಲ್ಲ. “ಆನು ಹೇಳದು ಇಷ್ಟೇಯ. ಹಿಂಗೇ ಬಿಟ್ರೆ ಈ ವಾರ ಹೋಗ್ತು. ಮುಂದೆ ನಿಂಗೆ ಬಿಟ್ಟಿದ್ದು.”

ಎರಡು ದಿನ ತಡೆದೆ. ಮೂರೇ ಎಲೆ ಉಳಿದಾಗ ಹಗ್ಗ ಬಿಚ್ಚಿದೆ. ಕಪ್ಪಾದ ಬೇರನ್ನು ಬಿಳಿಯ ತಿರುಳು ಕಾಣುವವರೆಗೆ ಕೊಯ್ದು, ಗಾಯ ಒಣಗಲೆಂದು ಗಂಗಕ್ಕನೂ ನಾನೂ ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿ ಎಂಟು ದಿನ ಇಟ್ಟೆವು. ಒಲೆಗೆ ಗಂಗಕ್ಕನ ಮನೆಯ ದರಕು. ಬೇಸಿಗೆಯಲ್ಲಿ ಕಾಡಿನಿಂದ ಗುಡಿಸಿ ತಂದಿಡುವ ಒಣ ಎಲೆಗೆ ಇಲ್ಲಿ ಹಾಗೆನ್ನುತ್ತಾರೆ. ಆಮೇಲೆ ತಳ ತೂತು ಮಾಡಿದ ಸೀಮೆಎಣ್ಣೆ ಡಬ್ಬಿಗೆ ಹಂಚಿನ ಚೂರು, ಮರಳು, ಹಿಡಿ ಮಣ್ಣು. ನನ್ನ ಕೈಯಿಂದಲೇ ನೆಟ್ಟು ಮಣ್ಣು ಮುಚ್ಚಿದೆ. ಆ ಕೈ ಹಿಂದೆಯೂ ಮಣ್ಣು ಮುಚ್ಚಿತ್ತು. ಹಿತ್ತಲ ಸೂರಿನ ಕೆಳಗಿಟ್ಟು, ನೀರು ಮಾತ್ರ ಹಾಕಬೇಡಿರೆಂದು ನಾನು ಹೇಳಿದ್ದನ್ನು ಗಂಗಕ್ಕ ಕಷ್ಟಪಟ್ಟು ನಂಬಿದರು. ಈ ಊರಿನಲ್ಲಿ ನನ್ನ ಮಾತು ನಡೆದದ್ದು ಅದೇ ಮೊದಲು.

ಅತ್ತೆಯವರಿಗೆ ಮಾತ್ರ ತಿಂಗಳು ತಿಂಗಳೂ, ಬಾಗಿಲ ಮೇಲೆ ಹಸಿರಾಗಿದೆ ಎಂದೇ ಬರೆದೆ. ಅವರಿಗೆ ಓದು ಬಾರದು, ಕಾಗದವನ್ನು ಯಾರಾದರೂ ಓದಿ ಹೇಳುತ್ತಾರೆ. ಈ ಬರಹ ಓದಿದ ನೀವು ಬಾಯಿ ಬಿಡದಿದ್ದರೆ ಸಾಕು.

ಮಗಳು ಹುಟ್ಟಿದಳು, ಉಳಿದಳು. ಈಗ ಅವಳಿಗೆ ಹದಿನಾಲ್ಕು ತಿಂಗಳು. ಗಿಡ ನಾಲ್ಕು ಮರಿ ಹಾಕಿದೆ. ಆದರೂ ಅವಳ ಪಾದವನ್ನು ನಾನು ಈವರೆಗೆ ನೆಲದ ಮಣ್ಣಿಗೆ ತಾಗಿಸಿಲ್ಲ. “ಕೆಳಗೆ ಬಿಡೇ ತಂಗಿ, ತೊಳದ್ರಾತು,” ಎನ್ನುತ್ತಾರೆ ಗಂಗಕ್ಕ.

ನಾಳೆಯ ಬಸ್ಸಿಗೆ ಅತ್ತೆಯವರು ಮೊಮ್ಮಗಳನ್ನು ನೋಡಲು ಬರುತ್ತಾರೆ. ಮೊನ್ನೆ ಒಂದು ಮರಿಯನ್ನು ಕಿತ್ತು, ಬೇರಿನ ಮಣ್ಣು ತೊಳೆದು, ಬಾಗಿಲ ಮೇಲೆ ತಲೆಕೆಳಗಾಗಿ ಕಟ್ಟಿದೆ. ಅಂದಿನಿಂದ ಮಗಳು ಕೆಮ್ಮಿದರೆ ಮೊದಲು ಕತ್ತೆತ್ತಿ ನೋಡುತ್ತೇನೆ, ಆಮೇಲೆ ಹಿತ್ತಲಿನ ಡಬ್ಬಿಯ ಹತ್ತಿರ ಓಡುತ್ತೇನೆ. ಅವಳನ್ನು ಕಾಯುತ್ತಿರುವುದು ಯಾವುದೆಂದು ನನಗೆ ತಿಳಿಯದು.

ಇವತ್ತು ಬೆಳಗಿನಿಂದ ಅವಳ ಮೈ ಬೆಚ್ಚಗಿದೆ. ಎರಡೂ ಕಡೆ ನೋಡಿ ಬಂದೆ. ಎರಡೂ ಹಸಿರಾಗಿಯೇ ಇವೆ.