‘ಅಲ್ಲ’ಕ್ಕೆ ಜಾಗ ಮಾಡಿದ ಬೆಗಾಯಿಮ್

ನಾರಿನ್ ಊರಿನ ಹೊಳೆದಂಡೆ ಬೀದಿಯವರಿಗೆ ಬೆಗಾಯಿಮ್ ಮಾಡುವ ಕೆಲಸ ಏನೆಂದು ಬಹಳ ಕಾಲ ಅರ್ಥವಾಗಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು, ಒಲೆಗೆ ಕಲ್ಲಿದ್ದಲು ಹಾಕುತ್ತ, ನಾದಿದ ಹಿಟ್ಟಿನ ಮೇಲೆ ಬಟ್ಟೆ ಮುಚ್ಚುತ್ತ, ನಡುನಡುವೆ ಪರದೆಯ ಮೇಲಿನ ಚೌಕಗಳನ್ನು ಅತ್ತಿತ್ತ ಸರಿಸುತ್ತ ಕೂತಿರುತ್ತಿದ್ದಳು.

"ಸೆಯಿಲ್‌ಕಾನ್ ಎಜೆ, ನಿಮ್ಮ ಸೊಸೆ ದಿನವಿಡೀ ಆಟ ಆಡ್ತಾ ಕೂತಿರ್ತಾಳಲ್ಲ" ಎಂದು, ಹಿರಿಯಕ್ಕನನ್ನು ಕರೆಯುವ ಹಾಗೆ ‘ಎಜೆ’ ಎನ್ನುತ್ತಲೇ, ಪಕ್ಕದ ಮನೆಯವಳು ಒಮ್ಮೆ ಕೆಣಕಿದಾಗ ಅತ್ತೆ ಸೆಯಿಲ್‌ಕಾನ್ ಚಹಾದ ಬಟ್ಟಲನ್ನು ಕೆಳಗಿಡದೆಯೇ ಹೇಳಿದ್ದರು: "ಆಟಾನೇ ಕಣಮ್ಮ. ಈ ಆಟಕ್ಕೆ ಬಿಶ್ಕೆಕ್‌ನಿಂದ ಸಂಬಳ ಬರುತ್ತೆ. ನಿನ್ನ ಗಂಡ ಆಡೋ ಇಸ್ಪೀಟಿಗೆ ಬರುತ್ತೇನು?"

ಮದುವೆಗೆ ಮುಂಚೆ ಬೆಗಾಯಿಮ್ ಒಂದು ಮುದ್ರಣದಂಗಡಿಯಲ್ಲಿದ್ದಳು. ಮದುವೆಯ ಕರೆಯೋಲೆ, ಔತಣದ ಫಲಕಗಳನ್ನು ಅಂದವಾಗಿ ಹೊಂದಿಸುವುದು ಅವಳ ಕೆಲಸ. ಅಲ್ಲಿ ಕಾಗದದ ಅಳತೆ ಒಂದೇ. ಒಮ್ಮೆ ಕೂಡಿಸಿದರೆ ಮುಗಿಯಿತು. ಫೋನ್‌ಗೆ ಪುಟ ಹೊಂದಿಸುವುದನ್ನು ಕಲಿತ ಮೇಲೆ ಅವಳಿಗೆ ಬೇರೆಯೇ ಲೋಕ ತೆರೆಯಿತು. ಅದೇ ಪುಟ ಅಂಗೈಯೊಳಗಿನ ಹಳೆಯ ಫೋನ್‌ನಲ್ಲೂ ಕೂರಬೇಕು, ರೊಟ್ಟಿ ತಟ್ಟೆಯಷ್ಟು ಅಗಲದ ಟ್ಯಾಬ್‌ನಲ್ಲೂ ಕೂರಬೇಕು. ಆ ಕಷ್ಟವೇ ಅವಳಿಗೆ ರುಚಿಸಿತು. ರಾಜಧಾನಿ ಬಿಶ್ಕೆಕ್‌ನ ಒಂದು ಸಣ್ಣ ಕಂಪನಿ ಅವಳನ್ನು ಮನೆಯಿಂದಲೇ ಕೆಲಸಕ್ಕೆ ಇಟ್ಟುಕೊಂಡು, ಬೆಟ್ಟದ ದಾರಿಗಳ ಸುದ್ದಿ ತಿಳಿಸುವ ಆ್ಯಪ್ ಒಂದನ್ನು ಅವಳ ಕೈಗೆ ಕೊಟ್ಟಿತು. ಅದನ್ನು ಹಿಂದೆ ಯಾರೋ ರೂಪಿಸಿ ಬಿಟ್ಟುಹೋಗಿದ್ದರು. ಬಣ್ಣ, ಗುರುತು, ಸಣ್ಣಪುಟ್ಟ ತಿದ್ದುಪಡಿ ಇಷ್ಟೇ ಅವಳ ಪಾಲಿಗೆ ಬಂದದ್ದು.

ಆ ಚಳಿಗಾಲದ ಒಂದು ಮಧ್ಯಾಹ್ನ ಅವಳ ಗಂಡ ತೊಲೊಗೊನ್ ತನ್ನ ವ್ಯಾನಿನಲ್ಲಿ ಜನರನ್ನು ಕೂರಿಸಿಕೊಂಡು ಕರಾಕಿರ್ ಘಾಟಿಯ ಆಚೆಯಿಂದ ಮನೆಗೆ ಹೊರಟಿದ್ದ. ಆಚೆಬದಿಯಲ್ಲಿ ಕರೆ ಹೋಗುತ್ತದೆ, ಇಂಟರ್ನೆಟ್ ಬರುವುದಿಲ್ಲ. ಹಾಗಾಗಿ ತಾಯಿಗೆ ಕರೆ ಮಾಡಿ, "ಅಪಾ, ಆ್ಯಪ್ ನೋಡಿ ಹೇಳಿ, ದಾರಿ ಹೇಗಿದೆಯಂತೆ?" ಎಂದು ಕೇಳಿದ್ದ.

ಬೆಗಾಯಿಮ್ ಅಂಗಳದಿಂದ ಕಲ್ಲಿದ್ದಲು ತಂದು ಒಳಗೆ ಬರುವ ಹೊತ್ತಿಗೆ ಅತ್ತೆ ಫೋನ್ ಕೆಳಗಿಟ್ಟಿದ್ದರು.

"ನಿನ್ನ ಗಂಡ ಊಟದ ಹೊತ್ತಿಗೆ ಬರ್ತಾನೆ, ಹಿಟ್ಟು ಸ್ವಲ್ಪ ಜಾಸ್ತಿ ಕಲಸು."

"ಘಾಟಿ ಮುಚ್ಚಿದಾರಲ್ಲ ಅಪಾ! ಈಗಷ್ಟೇ ಸುದ್ದಿ ಹಾಕಿದ್ರು."

"ಎಲ್ಲಿ ಮುಚ್ಚಿದಾರೆ? ನಾನೇ ಓದಿ ಹೇಳಿದೆ, ನೋಡು."

ಕಣ್ಣು ಮಂಜಾದ ಸೆಯಿಲ್‌ಕಾನ್ ತಮ್ಮ ಫೋನ್‌ನಲ್ಲಿ ಅಕ್ಷರಗಳನ್ನು ಎಷ್ಟು ದೊಡ್ಡದು ಮಾಡಲು ಬರುತ್ತದೋ ಅಷ್ಟು ದೊಡ್ಡದು ಮಾಡಿಕೊಂಡಿದ್ದರು. ಆ ಪುಟ್ಟ ಪರದೆಯ ಮೇಲೆ ದಪ್ಪ ಅಕ್ಷರಗಳಲ್ಲಿ ಹೀಗಿತ್ತು: ‘ದಾರಿ ಸಂಚಾರಕ್ಕೆ ಮುಕ್ತ…’ ಬೆಗಾಯಿಮ್ ತನ್ನ ಫೋನ್ ತೆಗೆದಳು. ಅದೇ ಜಾಗ, ಅದೇ ಚೌಕ: ‘ದಾರಿ ಸಂಚಾರಕ್ಕೆ ಮುಕ್ತ ಅಲ್ಲ’.

ಅತ್ತೆಯ ಫೋನ್‌ನಲ್ಲಿ ‘ಅಲ್ಲ’ ಎಂಬ ಪದಕ್ಕೆ ಜಾಗ ಸಾಲದೆ, ಅದರ ಬದಲು ಮೂರು ಚುಕ್ಕಿ ಬಂದು ಕೂತಿದ್ದವು.

ಅವಳು ತಕ್ಷಣ ಕರೆ ಮಾಡಿದಳು. ಗಂಡನ ಫೋನ್ ಸಿಗಲಿಲ್ಲ. ಘಾಟಿಯ ಆಚೆಬದಿಯ ಬುಡದಲ್ಲಿ ಕುಲುಯ್ಪಾ ಎಂಬಾಕೆಯ ಚಹಾದಂಗಡಿ ಇದೆ. ಘಾಟಿ ಹತ್ತುವವರೆಲ್ಲ ಅಲ್ಲಿ ಇಳಿಯದೆ ಮುಂದೆ ಹೋಗುವುದಿಲ್ಲ. ಅಲ್ಲಿಗೆ ಕರೆ ಮಾಡಿದಳು.

"ತೊಲೊಗೊನಾ? ಈಗ ತಾನೇ ಸೂಪ್ ಕುಡಿದು ಹೊರಟ. ಕೂಸು ಎತ್ಕೊಂಡ ಹೆಂಗಸೊಬ್ಬಳೂ ಇದ್ಲು. ದಾರಿ ಬಿಟ್ಟಿದಾರೆ ಅಂದ್ನಲ್ಲ?"

"ಬಿಟ್ಟಿಲ್ಲ ಎಜೆ! ಮೇಲೆ ಹಿಮ ಜಾರೋ ಹಾಗಿದೆಯಂತೆ. ಹೇಗಾದ್ರೂ ನಿಲ್ಲಿಸಿ ಅವರನ್ನ!"

ಕುಲುಯ್ಪಾ ಫೋನ್ ಇಟ್ಟಳು. ಸೌಟು ಎಸೆದು, ಅಂಗಡಿಯಲ್ಲಿ ಕೂತಿದ್ದ ಜೀಪಿನವನನ್ನು ಅರ್ಧ ಊಟದಿಂದ ಎಬ್ಬಿಸಿ, ತಾನೂ ಪಕ್ಕದಲ್ಲಿ ಹತ್ತಿ ಕೂತಳು. ಎರಡನೆಯ ತಿರುವಿನಲ್ಲಿ ತೊಲೊಗೊನ್‌ನ ವ್ಯಾನಿನ ಚಕ್ರ ಹಿಮದಲ್ಲಿ ಹೂತು, ಅವನು ಸಲಿಕೆ ಹಿಡಿದು ತೋಡುತ್ತಿದ್ದ.

"ಏಯ್, ಸಾಯೋಕೆ ಹೊರಟಿದೀಯಾ? ತಿರುಗಿಸು ಗಾಡಿ!"

"ಅಪಾನೇ ನೋಡಿ ಹೇಳಿದ್ರು ಎಜೆ…"

"ನಿನ್ನ ಹೆಂಡತಿ ನೋಡಿ ಹೇಳ್ತಿದಾಳೆ. ಅಪಾನ ಮಾತು ನಾಳೆ ಕೇಳು, ಇವತ್ತು ಹೆಂಡತಿ ಮಾತು ಕೇಳು!"

ಕತ್ತಲಾಗುವ ಮೊದಲೇ ಮೇಲಿನ ತಿರುವುಗಳ ಮೇಲೆ ಹಿಮ ಕುಸಿಯಿತು. ದಾರಿಯೇ ಕಾಣದ ಹಾಗಾಯಿತು. ವ್ಯಾನಿನವರೆಲ್ಲ ಆಗ ಕುಲುಯ್ಪಾಳ ಒಲೆಯ ಸುತ್ತ ಕೂತಿದ್ದರು.

ಇತ್ತ ಮನೆಯಲ್ಲಿ ಸುದ್ದಿ ತಿಳಿದ ಸೆಯಿಲ್‌ಕಾನ್ ಗೋಡೆಗೆ ಒರಗಿ ಕೂತು, "ಮಗನನ್ನ ನಾನೇ ಕಳಿಸಿಬಿಡ್ತಿದ್ದೆನಲ್ಲೇ" ಎಂದು ಅತ್ತರು. ಬೆಗಾಯಿಮ್ ಅವರ ಕೈ ಹಿಡಿದುಕೊಂಡಳು. "ನೀವು ಇದ್ದದ್ದನ್ನೇ ಓದಿದ್ರಿ ಅಪಾ. ಪೂರ್ತಿ ಹೇಳದೆ ಹೋದದ್ದು ಅದು." ಹಾಗೆ ಹೇಳುವಾಗ ಅವಳಿಗೆ ಒಳಗೊಳಗೆ ಉರಿಯುತ್ತಿತ್ತು. ಈ ಪುಟವನ್ನು ಎಷ್ಟೋ ಸಲ ತೆರೆದಿದ್ದಳು, ಬಣ್ಣ ಬದಲಿಸಿದ್ದಳು. ಅಕ್ಷರ ದೊಡ್ಡದು ಮಾಡಿ ಒಮ್ಮೆಯೂ ನೋಡಿರಲಿಲ್ಲ.

ಕಂಪನಿಯ ಯಜಮಾನ ಕುಬಾತ್ ಕೆಟ್ಟವನಲ್ಲ, ಅವಸರದವನು. "ಸರಿ, ಆ ವಾಕ್ಯ ತೆಗೆದು ‘ಮುಚ್ಚಿದೆ’ ಅಂತ ಚಿಕ್ಕದಾಗಿ ಹಾಕೋಣ, ಮುಗೀತಲ್ಲ" ಎಂದ, ಅವಳು ಫೋನ್‌ನಲ್ಲಿ ನಡೆದದ್ದನ್ನೆಲ್ಲ ಹೇಳಿದಾಗ.

"ಅದನ್ನ ಈಗಲೇ ಹಾಕಿ, ಕುಬಾತ್ ಬಾಯ್ಕೆ. ಆದ್ರೆ ಮುಗೀಲಿಲ್ಲ. ನಾಳೆ ಇನ್ನೊಂದು ವಾಕ್ಯ ಬರುತ್ತೆ, ಅದೂ ತುಂಡಾಗುತ್ತೆ. ಮಾತಿಗೆ ತಕ್ಕ ಹಾಗೆ ಚೌಕ ಬೆಳೀಬೇಕು. ಪೂರ್ತಿ ಹೊಸದಾಗಿ ಮಾಡ್ತೀನಿ" ಎಂದಳು, ಅಣ್ಣನನ್ನು ಕರೆಯುವ ‘ಬಾಯ್ಕೆ’ಯ ಸಲಿಗೆಯಲ್ಲೇ.

"ಅಷ್ಟು ದೊಡ್ಡ ಅಕ್ಷರ ಇಟ್ಕೊಳ್ಳೋರು ಎಷ್ಟು ಜನ ಇದಾರಮ್ಮ?"

"ನಮ್ಮ ಮನೇಲಿ ಒಬ್ಬರಿದ್ದಾರೆ. ಬೇರೆ ಮನೆಗಳಲ್ಲಿ ಯಾರ್ಯಾರಿದ್ದಾರೋ ಹೋಗಿ ನೋಡ್ತೀನಿ."

ದಾರಿ ತೆರವಾದ ಮೇಲೆ ಅವಳು ಗಂಡನ ವ್ಯಾನಿನಲ್ಲಿ ಕುಲುಯ್ಪಾಳ ಅಂಗಡಿಗೆ ಹೋಗಿ ಕಿಟಕಿ ಪಕ್ಕದ ಮೇಜು ಹಿಡಿದಳು. ಬಂದ ಚಾಲಕರನ್ನೆಲ್ಲ ಕೂರಿಸಿ ಅವರ ಫೋನ್ ಕೇಳಿದಳು. ಇಂಟರ್ನೆಟ್ ಇಲ್ಲದಿದ್ದರೂ ಆ್ಯಪ್‌ನಲ್ಲಿ ಕೊನೆಗೆ ಬಂದ ಸುದ್ದಿ ಉಳಿದಿರುತ್ತಿತ್ತು. ಮೊದಮೊದಲು ಅವರು ನಕ್ಕರು. "ತೊಲೊಗೊನ್, ನಿನ್ನ ಹೆಂಡತಿ ನಮ್ಮ ಹೆಂಡ್ತೀರ ಕಡೆಯ ಪತ್ತೇದಾರಿಣಿ ಏನೋ?" ಎಂದು ಮೀಸೆಯ ಲಾರಿಯವನೊಬ್ಬ ಕೇಳಿದ. "ನೀವು ಯಾರಿಗೆ ಮೆಸೇಜ್ ಕಳಿಸ್ತೀರೋ ನನಗೆ ಬೇಡ ಬಾಯ್ಕೆ, ಇದರಲ್ಲಿ ದಾರಿ ಹೇಗೆ ಕಾಣುತ್ತೆ ಅಷ್ಟೇ ಬೇಕು" ಎಂದಳು ಅವಳು. ಮೀಸೆಯವನು ಕೊಡುವ ಮೊದಲು ಏನನ್ನೋ ಗಡಿಬಿಡಿಯಲ್ಲಿ ಅಳಿಸಿದ್ದನ್ನು ಕಂಡು ಇಡೀ ಅಂಗಡಿ ಗೊಳ್ಳೆಂದಿತು.

ಅವಳ ಮೇಜಿನ ಮೇಲೆ ಎಂತೆಂಥ ಫೋನ್‌ಗಳು ಬಂದವು! ಗಾಜು ಒಡೆದು ಕೆಳಗಿನ ಭಾಗ ಕಪ್ಪಾದದ್ದು, ಉದ್ದಕ್ಕೆ ಪಟ್ಟಿಯಂತಿರುವುದು, ಲಾರಿಯ ಸ್ಟೀರಿಂಗ್ ಪಕ್ಕ ಅಡ್ಡಲಾಗಿ ಕಟ್ಟಿದ ಟ್ಯಾಬ್, ಕುರಿ ವ್ಯಾಪಾರಿಯೊಬ್ಬನ ಹೊಚ್ಚಹೊಸ ಮಡಚುವ ಫೋನ್. ಅದನ್ನು ಬಿಡಿಸಿದಾಗ ಆ್ಯಪ್ ನಡುವೆ ಎಲ್ಲೋ ಸಣ್ಣಗೆ ನಿಂತು, ಎರಡೂ ಕಡೆ ಖಾಲಿ ಬಯಲು ಕಾಣಿಸಿತು. ವ್ಯಾಪಾರಿ ಬೇಸರಪಟ್ಟ: "ಒಂದು ಮಂದೆ ಮಾರಿ ತಗೊಂಡೆ ಕಣಮ್ಮ, ಇದರಲ್ಲೂ ಇಷ್ಟೇನಾ?"

ಮನೆಗೆ ಬಂದು ಅವಳು ಎಲ್ಲವನ್ನೂ ಕೆಡವಿ ಕಟ್ಟಿದಳು. ಇಂಥ ಅಳತೆಗೆ ಇಂಥ ಪುಟ ಎಂದು ಬೇರೆ ಬೇರೆ ಮಾಡುವುದನ್ನೇ ಕೈಬಿಟ್ಟಳು. ಯಾವುದು ಮೊದಲು ಬೇಕು, ಜಾಗ ಕಡಿಮೆಯಾದರೆ ಯಾವುದು ಸರಿದುಕೊಳ್ಳಬೇಕು ಎಂಬುದನ್ನಷ್ಟೇ ನಿರ್ಧರಿಸಿದಳು. ದಾರಿಯ ಸುದ್ದಿ ಎಲ್ಲಕ್ಕಿಂತ ಮೇಲೆ. ಅದು ತುಂಡಾಗುವ ಹಾಗಿಲ್ಲ, ಹಿಡಿಸದಿದ್ದರೆ ಮುಂದಿನ ಸಾಲಿಗೆ ಇಳಿಯಬೇಕು. ಪುಟದ ಅಂದಕ್ಕೆಂದು ಇದ್ದ ಬೆಟ್ಟದ ಚಿತ್ರ ಸಣ್ಣದಾಗಲಿ, ಬೇಕಾದರೆ ಮಾಯವಾಗಲಿ. ಪರದೆ ಅಗಲವಿದ್ದರೆ ಸುದ್ದಿಯ ಪಕ್ಕಕ್ಕೆ ನಕ್ಷೆ ಬಂದು ಕೂರಲಿ. ಸಹಾಯ ಕೇಳುವ ಗುಂಡಿ ಕೈಗವಸಿನ ಹೆಬ್ಬೆರಳಿಗೂ ಸಿಗಲಿ, ಅಕ್ಷರ ಎಷ್ಟೇ ದೊಡ್ಡದಾದರೂ ಪರದೆಯಾಚೆ ಜಾರದಿರಲಿ.

ಕುಬಾತ್ ನೋಡಿ ಮುಖ ಸಿಂಡರಿಸಿದ. "ಆ ಬೆಟ್ಟದ ಚಿತ್ರ ಎಷ್ಟು ಚೆನ್ನಾಗಿತ್ತು!"

"ಬೆಟ್ಟ ಅವರ ಕಿಟಕೀಲೇ ಕಾಣುತ್ತೆ, ಬಾಯ್ಕೆ."

ಅವನಿಗೆ ನಗು ತಡೆಯಲಾಗಲಿಲ್ಲ. ಆಮೇಲೆ ಅವಳು ಎಷ್ಟು ಸಮಯ ಕೇಳಿದಳೋ ಅಷ್ಟನ್ನೂ ಕೊಟ್ಟ. ಮುಂದಿನ ಚಳಿಗಾಲಕ್ಕೆ ಹೊಸ ಆ್ಯಪ್ ಬಂತು. ಘಾಟಿ ಮುಚ್ಚಿದ ದಿನಗಳಲ್ಲಿ, ಮನೆಯವರು ಓದಿ ಹೇಳಿದ್ದನ್ನು ಕೇಳಿ, ಕುಲುಯ್ಪಾಳ ಅಂಗಡಿಯ ಮುಂದೆ ಲಾರಿಗಳು ಸಾಲುಗಟ್ಟಿ ನಿಂತವು. ಸೂಪ್ ಸಾಲುವುದಿಲ್ಲವೆಂದು ಆಕೆ ದೂರುತ್ತಲೇ ಇನ್ನೊಂದು ಪಾತ್ರೆ ಒಲೆಗೇರಿಸಿದಳು.

ಬಿಶ್ಕೆಕ್‌ಗೆ ಬಂದು ನೆಲೆಸು, ದೊಡ್ಡ ಹುದ್ದೆ ಕೊಡುತ್ತೇನೆ ಎಂದು ಕುಬಾತ್ ಕರೆದ. ಬೆಗಾಯಿಮ್ ಒಪ್ಪಲಿಲ್ಲ. ಈಗ ಅವಳ ಕೈಯಲ್ಲಿರುವುದು ಪಶುವೈದ್ಯರ ಆ್ಯಪ್. ಬೇಸಿಗೆಯ ಹುಲ್ಲುಗಾವಲಿನಲ್ಲಿ ಆ ವೈದ್ಯರು ಕುದುರೆ ಇಳಿಯುವುದೇ ಅಪರೂಪ. ಒಂದು ಕೈಯಲ್ಲಿ ಲಗಾಮು, ಇನ್ನೊಂದರಲ್ಲಿ ಫೋನ್, ನೆತ್ತಿಯ ಮೇಲೆ ಕಣ್ಣು ಕುಕ್ಕುವ ಬಿಸಿಲು. ಮೇಜಿನ ಮುಂದೆ ಕೂತು ಇದು ತಿಳಿಯುವುದಲ್ಲ ಎಂದು ಅವಳು ಜೂನ್ ತಿಂಗಳಲ್ಲಿ ಅಲ್ಲಿಗೇ ಹೋದಳು.

"ಕುದುರೆ ಹತ್ತಿ ಎಷ್ಟು ವರ್ಷ ಆಯ್ತೇ ನಿನಗೆ?" ಎಂದು ತೊಲೊಗೊನ್ ಜೀನಿನ ಪಟ್ಟಿ ಬಿಗಿಯುತ್ತ ಕೇಳಿದ.

"ಮಾತು ಬಿಟ್ಟು ಹಿಡ್ಕೋ" ಎಂದು ಅವಳು ರಿಕಾಪಿಗೆ ಕಾಲಿಟ್ಟು ಹತ್ತಿದಳು. ಕುದುರೆ ಹೆಜ್ಜೆ ಹಾಕಿತು. ಅವಳು ಲಗಾಮನ್ನು ಎಡಗೈಗೆ ಸುತ್ತಿಕೊಂಡು, ಬಲಗೈಯಿಂದ ಫೋನ್ ತೆಗೆದು, ಕುಲುಕಾಟದ ನಡುವೆ ಹೆಬ್ಬೆರಳು ಪರದೆಯ ಮೇಲೆ ಎಲ್ಲಿಯವರೆಗೆ ತಲುಪುತ್ತದೆಂದು ನೋಡತೊಡಗಿದಳು.