ಕಿಟಕಿಯಲ್ಲಿ ಕಾಣದ ಸೊಪ್ಪು

2004ನೇ ಇಸವಿ, ಆಗಸ್ಟ್ ತಿಂಗಳ ಒಂದು ಸೋಮವಾರ, ಬೆಳಿಗ್ಗೆ ಏಳು ಗಂಟೆ. ಪಿರಿಯಾಪಟ್ಟಣದ ಹತ್ತಿರ ಅಣ್ಣನ ಮನೆಯ ಜಗಲಿ. ಇದ್ದವರು ಅಣ್ಣ, ಅತ್ತಿಗೆ, ಅವರ ಇಪ್ಪತ್ತು ವರ್ಷದ ಮಗಳು, ನಮ್ಮ ಸೋದರಮಾವ, ನಾನು. ಅತ್ತಿಗೆಯ ಬೆರಳುಗಳು ಇನ್ನೂ ನನ್ನ ಕಣ್ಣಿಗೆ ಕಟ್ಟಿವೆ. ಹೊಗೆಸೊಪ್ಪಿನ ಅಂಟು ಕುಳಿತು ಕಪ್ಪಗಾದ ಬೆರಳುಗಳು. ಹುಣಸೆಹುಳಿ ಹಾಕಿ ತಿಕ್ಕಿದರೂ ಆ ಕಪ್ಪು ಹೋಗುತ್ತಿರಲಿಲ್ಲ. ಬ್ಯಾರನ್ನಿಗೆ, ಅಂದರೆ ಸೊಪ್ಪನ್ನು ತೂಗುಹಾಕಿ ಬೆಂಕಿಯ ಕಾವಿನಲ್ಲಿ ಹದ ಮಾಡುವ ಮನೆಗೆ, ಏರಿಸಲೆಂದು ಅವರು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಕಡ್ಡಿಯ ಇನ್ನೊಂದು ತುದಿ ಹಿಡಿದು ಮಗಳು ಕುಳಿತಿದ್ದಳು.

ಅವಳಿಗೆ ಆಟಿಸಂ. ಮಾತು ಕಡಿಮೆ. ಮುಟ್ಟಿದರೆ ಚೀರುತ್ತಾಳೆ. ಏನಾದರೂ ಕೇಳಿದರೆ, ಕೇಳಿದ್ದು ನಮಗೇ ಮರೆತ ಮೇಲೆ ಉತ್ತರ ಬರುತ್ತದೆ. ಯಾರಾದರೂ ಅವಸರ ಮಾಡಿದರೆ ಅತ್ತಿಗೆ, "ಸುತ್ಕಂಡು ಬತ್ತಾಳೆ, ತಾಳಿ" ಎನ್ನುತ್ತಿದ್ದರು. ವಿಷಲ್ ಊದಿ ಮಕ್ಕಳನ್ನು ಓಡಿಸಿದ ಡ್ರಿಲ್ ಮೇಷ್ಟ್ರು ನಾನು. ನನಗೂ ಅದೇ ಮಾತು.

ಊರು ಮಾತ್ರ ಅತ್ತಿಗೆಯನ್ನು ಬಿಡಲಿಲ್ಲ. ಬಸುರಿಯಾಗಿದ್ದಾಗ ಗ್ರಹಣ ನೋಡಿದಳಂತೆ. ಮಗುವನ್ನು ಎತ್ತಿ ಆಡಿಸಲೇ ಇಲ್ಲವಂತೆ. ಎತ್ತಿ ಎತ್ತಿ ಕೆಡಿಸಿದಳಂತೆ. ಇವೆರಡೂ ಒಟ್ಟಿಗೆ ಹೇಗೆ ನಿಜವಾದಾವು ಎಂದು ಒಬ್ಬನೂ ಕೇಳಲಿಲ್ಲ.

ಹಿಂದಿನ ವಾರ ಹುಡುಗಿಗೆ ಫಿಟ್ಸ್ ಬಂದು, ಮೈಸೂರಿಗೆ ಕರೆದೊಯ್ದು ತಲೆಯ ಸ್ಕ್ಯಾನ್ ಮಾಡಿಸಿದ್ದೆವು. ಬಂದ ವರದಿ ನಾರ್ಮಲ್. ಡಾಕ್ಟರು ಅತ್ತಿಗೆಗೂ ನನಗೂ ಬಿಡಿಸಿ ಹೇಳಿದರು. ಮಿದುಳಿನ ಒಂದು ಭಾಗದಿಂದ ಇನ್ನೊಂದಕ್ಕೆ ಸುದ್ದಿ ಒಯ್ಯುವ ಬಿಳಿಯ ನಾರುಗಳಿವೆ. ಆಟಿಸಂ ಇರುವ ಅನೇಕರನ್ನು ಉಳಿದವರ ಜೊತೆ ಹೋಲಿಸಿದಾಗ ಆ ನಾರುಗಳ ಹೆಣಿಗೆಯಲ್ಲಿ ವ್ಯತ್ಯಾಸ ಕಾಣುತ್ತಿದೆ. ಆದರೆ ಒಬ್ಬರ ಮಾಮೂಲಿ ಸ್ಕ್ಯಾನಿನಲ್ಲಿ ಅದು ಗೊತ್ತಾಗುವುದಿಲ್ಲ. ಇದರಲ್ಲಿ ತಾಯಿಯ ತಪ್ಪು ಎಳ್ಳಷ್ಟೂ ಇಲ್ಲ.

ಮಾವನಿಗೆ ಬೇಕಾದದ್ದು 'ನಾರ್ಮಲ್' ಎಂಬ ಒಂದೇ ಮಾತು. ಅವರ ಜೀಪು ಬಾಗಿಲಲ್ಲಿ ನಿಂತಿತ್ತು. ದೆವ್ವ ಬಿಡಿಸುವವನೊಬ್ಬನ ಬಳಿ ಹುಡುಗಿಯನ್ನು ಬಿಟ್ಟುಬರುವ ಏರ್ಪಾಟು. ಅಲ್ಲಿ ಕಂಬಕ್ಕೆ ಕಟ್ಟಿ ಹುಣಸೆ ಬರಲಿನಿಂದ ಹೊಡೆಯುತ್ತಾರೆಂದು ಎಲ್ಲರಿಗೂ ಗೊತ್ತಿತ್ತು.

"ತಲೇಲಿ ಏನೂ ಇಲ್ಲ ಅಂತ ಮಿಸನ್ನೇ ಏಳ್ತಲ್ಲ. ಇನ್ನೇನು? ಗಾಳಿ ಮೆಟ್ಕಂಡದೆ, ಇಲ್ಲಾ ಹಠ. ಎಲ್ಡಕ್ಕೂ ಏಟೇ ಮದ್ದು ಕಣವ್ವ" ಎಂದರು ಮಾವ.

ಅಣ್ಣ ಜಗಲಿಯ ಕಂಬ ನೋಡುತ್ತಿದ್ದ. ಮಗಳನ್ನು ಹೊಡೆಸಲು ಕಳಿಸುವ ಹೊತ್ತಿನಲ್ಲಿ ಹೆತ್ತಪ್ಪನಿಗೆ ನೋಡಲು ಒಂದು ಕಂಬ ಸಿಕ್ಕಿತ್ತು!

ಅತ್ತಿಗೆ ತಲೆ ಎತ್ತದೆ ಕೇಳಿದರು: "ಮಾವ, ನಿಮ್ ಬ್ಯಾರನ್ ಕಿಟಕೀಲಿ ಬಗ್ಗಿ ನೋಡುದ್ರೆ ಎಷ್ಟು ಕಡ್ಡಿ ಕಾಣ್ತವೆ?"

"ಮುಂದಿನ್ವು ನಾಕು. ಅದ್ಯಾಕೀಗ?"

"ಓದ್ವರ್ಷ ಆ ನಾಕು ಹಳದಿಯಾದ್ವು ಅಂತ ಬೆಂಕಿ ಏರ್ಸುದ್ರಿ. ಇನ್ನೂ ಹಸ್ರಾಗಿದ್ದ ಒಳಗಿನ್ ಸೊಪ್ಪೆಲ್ಲ ಕರ‍್ರಗಾಯ್ತು. ಈಗ ನನ್ ಮಗೀಗೂ ಅಂಗೇ ಮಾಡಕ್ಕೆ ಬಂದ್ರಾ?"

ಮಾವ ಉರಿದುಬಿದ್ದು ಹುಡುಗಿಯ ತೋಳಿಗೆ ಕೈ ಹಾಕಿದರು. ಅವಳು ಚೀರಿದಳು. ಅತ್ತಿಗೆ ಎದ್ದು, ಸೊಪ್ಪು ಕಟ್ಟಿದ ಕಡ್ಡಿಯನ್ನೇ ಇಬ್ಬರ ನಡುವೆ ಅಡ್ಡ ಹಿಡಿದರು.

"ಇನ್ನೊಂದ್ಸಲ ಮುಟ್ಟಿ, ನೋಡೋಣ."

ಜೀಪು ಖಾಲಿ ಹೋಯಿತು.

ಕೆಲವು ವರ್ಷಗಳ ಮೇಲೆ ಅತ್ತಿಗೆ ತೀರಿಕೊಂಡಾಗ ಅದೇ ಮಾವ ಹೆಣದ ಮುಂದೆ ನಿಂತು, "ಪಾಪ, ಎಂಥಾ ಕರ್ಮ ಹೊತ್ಲು" ಎಂದರು. "ಅವ್ರು ಹೊತ್ತಿದ್ದು ನಿಮ್ಮನ್ನ" ಎಂದೆ, ಎಲ್ಲರೆದುರಿಗೇ. ಅಂದಿನಿಂದ ಅವರು ನನ್ನೊಡನೆ ಮಾತಾಡಿಲ್ಲ. ನನಗೂ ಬೇಕಿಲ್ಲ. ಹುಡುಗಿ ಈಗ ಹುಣಸೂರಿನಲ್ಲಿ ನಮ್ಮ ಮನೆಯಲ್ಲಿದ್ದಾಳೆ.

ಆ ಸೋಮವಾರ ಸಂಜೆ ಬ್ಯಾರನ್ನಿಗೆ ಕಡ್ಡಿ ಏರಿಸಿದೆವು. ಕೊನೆಯ ಕಡ್ಡಿ ಹುಡುಗಿಯ ಕೈಯಲ್ಲಿತ್ತು. ಅದನ್ನು ಹಿಡಿದು ಬಾಗಿಲಲ್ಲಿ ನಿಂತೇ ಇದ್ದಳು.

"ಕೊಡೇ ಬ್ಯಾಗ, ಕತ್ಲಾಯ್ತದೆ" ಎಂದ ಅಣ್ಣ.

"ನೀವು ಸುಮ್ಕಿರಿ" ಎಂದರು ಅತ್ತಿಗೆ.

ನಾನು ಕೈ ಚಾಚಿಕೊಂಡು ನಿಂತೆ. ತೋಳು ನೋಯತೊಡಗಿತು. ಆಮೇಲೆ ಅವಳು ಕಡ್ಡಿ ಕೊಟ್ಟಳು. ಅದನ್ನು ತೂಗುಹಾಕಿ ಹೊರಗೆ ಬಂದೆ. ಅತ್ತಿಗೆ ಬಾಗಿಲು ಮುಚ್ಚಿ, ಒಲೆಗೆ ಬೆಂಕಿ ಇಟ್ಟರು.