ಅಲ್ಪವಿರಾಮ ಮೇಡಂ ಬರೆದ ಕೈಪಿಡಿ

ಕಚೇರಿಯಲ್ಲಿ ಅವಳನ್ನು ಅಲ್ಪವಿರಾಮ ಮೇಡಂ ಎಂದು ಕರೆಯುತ್ತಿದ್ದರು. ಮೊದಮೊದಲು ಬೆನ್ನ ಹಿಂದೆ, ಆಮೇಲೆ ಎದುರಿಗೇ. ಒಂದು ಅಲ್ಪವಿರಾಮ ಎಲ್ಲಿ ಬರಬೇಕೆಂಬುದಕ್ಕೆ ಮುಖ್ಯ ಎಂಜಿನಿಯರ್ ಜೊತೆ ಊಟ ಆರಿ ಹೋಗುವ ತನಕ ಜಗಳವಾಡಿದವಳು ಅವಳು, ಗೆದ್ದವಳೂ ಅವಳೇ. ಈ ಕೆಲಸಕ್ಕೆ ಬರುವ ಮುಂಚೆ ಶಾಲೆಯಲ್ಲಿ ವ್ಯಾಕರಣ ಹೇಳಿಕೊಡುತ್ತಿದ್ದಳು. ಅಲ್ಲಿ ಮಕ್ಕಳು ಹೆದರಿಕೆಗಾದರೂ ಓದುತ್ತಿದ್ದರು. ಇಲ್ಲಿ ಅವಳು ಬರೆದದ್ದನ್ನು ಒಂದು ನರಪಿಳ್ಳೆಯೂ ಓದುತ್ತಿರಲಿಲ್ಲ.

ಅವಳು ಬರೆಯುತ್ತಿದ್ದದ್ದು ಕಂಪನಿಯ ಸಾಫ್ಟ್‌ವೇರಿನ ಕೈಪಿಡಿ. ಅತ್ತೆ ಒಮ್ಮೆ ಕುತೂಹಲದಿಂದ ಕೇಳಿದ್ದರು:

"ಪುಸ್ತಕ ಬರೀತೀಯಲ್ಲ, ಕಥೆ ಏನಮ್ಮ?"

"ಕಥೆ ಅಲ್ಲ ಅತ್ತೆ. ದೊಡ್ಡ ಆಸ್ಪತ್ರೇಲಿ ಚೀಟಿ ಕೊಡೋ ಕಿಟಕಿಗಳು ಸಾಲಾಗಿ ಇರುತ್ವಲ್ಲ, ಎಲ್ಲರೂ ಒಂದೇ ಕಿಟಕಿಗೆ ಮುಗಿಬಿದ್ರೆ? ಅದಕ್ಕೆ ಬಾಗಿಲಲ್ಲಿ ಒಬ್ಬ ನಿಂತು, ನೀವು ಆ ಕಡೆ ಹೋಗಿ, ನೀವು ಈ ಕಡೆ ಹೋಗಿ ಅಂತ ಹಂಚ್ತಾನೆ ಅಂದ್ಕೊಳ್ಳಿ. ಒಂದು ಕಿಟಕಿ ಮುಚ್ಚಿದ್ರೆ ಅಲ್ಲಿಗೆ ಯಾರನ್ನೂ ಕಳಿಸಲ್ಲ. ನಮ್ಮ ಸಾಫ್ಟ್‌ವೇರ್ ಕಂಪ್ಯೂಟರ್‌ಗಳ ಮಧ್ಯೆ ನಿಂತು ಅದೇ ಕೆಲಸ ಮಾಡುತ್ತೆ."

"ಬಾಗಿಲಲ್ಲಿ ನಿಂತು ಕೈ ತೋರಿಸೋದಕ್ಕೆ ಇಷ್ಟು ದಪ್ಪ ಪುಸ್ತಕವಾ!" ಎಂದು ಅತ್ತೆ ಕಾಲು ಚಾಚಿ ಕೂತರು.

ಹೊರೆಯನ್ನು ಸಮನಾಗಿ ಹಂಚುವ ಸಾಫ್ಟ್‌ವೇರ್ ಮಾರುವ ಆ ಕಚೇರಿಯಲ್ಲಿ ಹೊರೆಯೆಲ್ಲ ಬೀಳುತ್ತಿದ್ದದ್ದು ಅವಳ ತಲೆ ಮೇಲೆ. ಪುಟ ತೆರೆದು ನೋಡುವ ಬದಲು ಎಲ್ಲರೂ ಅವಳ ಮೇಜಿಗೇ ಬರುತ್ತಿದ್ದರು. "ಮೇಡಂ, ಆ ಸೆಟ್ಟಿಂಗ್ ಎಲ್ಲಿದೆ?" "ಕೈಪಿಡೀಲಿ ಇದೆಯಪ್ಪ." "ಗೊತ್ತು ಮೇಡಂ, ನೀವೇ ಹೇಳಿಬಿಡಿ." ಅವಳು ಗೊಣಗುತ್ತಲೇ ಹೇಳುತ್ತಿದ್ದಳು. ತನ್ನನ್ನು ಬಿಟ್ಟರೆ ಗತಿಯಿಲ್ಲ ಎಂಬ ಹೆಮ್ಮೆ ಒಳಗೊಳಗೇ ಇಲ್ಲದಿರಲಿಲ್ಲ.

ಅಷ್ಟರಲ್ಲಿ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ರೈಲು ಓಡಿಸುವ ಗಂಡನಿಗೆ ರಜೆ ಸಿಗುವುದು ಸುಲಭವಲ್ಲ. ಅವಳೇ ದೀರ್ಘ ರಜೆ ಹಾಕಿ ಆಸ್ಪತ್ರೆಯಲ್ಲಿ ಕೂತಳು. ವಾರ್ಡಿನಲ್ಲಿ ಫೋನ್ ಬಳಸುವಂತಿರಲಿಲ್ಲ. ನಾನಿಲ್ಲದೆ ಅವರೆಲ್ಲ ಅಂಗಿ ಹರಿದುಕೊಳ್ಳುತ್ತಿರಬೇಕು ಎಂದು ಯೋಚಿಸಿದಾಗಲೆಲ್ಲ ಪಾಪ ಎನಿಸುತ್ತಿತ್ತು, ಸ್ವಲ್ಪ ಖುಷಿಯೂ ಆಗುತ್ತಿತ್ತು.

ಅತ್ತೆ ಊರುಗೋಲು ಹಿಡಿದು ನಡೆಯುವಂತಾದ ಮೇಲೆ ಕಚೇರಿಗೆ ಹೋದಳು. ಯಾರೂ ಅಂಗಿ ಹರಿದುಕೊಂಡಿರಲಿಲ್ಲ. ಮ್ಯಾನೇಜರ್ ಎದ್ದು ನಿಂತು ಸ್ವಾಗತಿಸಿದ.

"ಮೇಡಂ, ನೀವಿಲ್ಲ ಅಂತ ಬೇರೆ ದಾರಿ ಕಾಣದೆ ಎಲ್ಲರೂ ಕೈಪಿಡಿ ತೆಗೆದು ಓದಿದ್ರು. ಏನು ಬರೆದಿದ್ದೀರಿ ಮೇಡಂ! ಒಂದು ಅನುಮಾನವೂ ಉಳಿಯಲಿಲ್ಲ!"

ಅವಳ ಮುಖ ಅರಳಿತು.

"ಎಷ್ಟು ಪರಿಪೂರ್ಣವಾಗಿದೆ ಅಂದ್ರೆ, ಇನ್ನು ಬರೆಯೋದಕ್ಕೆ ಏನೂ ಬಾಕಿ ಇಲ್ಲ ಅಂತ ಮೇಲಿನವರು ಕೈಪಿಡಿ ವಿಭಾಗವನ್ನೇ ಮುಚ್ಚಿದ್ರು."

ಹೊಗಳಿಕೆಯಿಂದ ಕೆಲಸ ಕಳೆದುಕೊಂಡವರು ಲೋಕದಲ್ಲಿ ಎಷ್ಟು ಮಂದಿಯೋ. ಮನೆಗೆ ಕಳಿಸಲಿಲ್ಲ ಎಂಬುದೇ ಸಮಾಧಾನ. ಸಹಾಯವಾಣಿಯಲ್ಲಿ ಕೂರಿಸಿದರು. ಕಿವಿಗೆ ಹೆಡ್‌ಫೋನ್, ಎದುರಿಗೆ ಅವಳದೇ ಕೈಪಿಡಿ. ಅದನ್ನು ಓದದ ಗ್ರಾಹಕರು ಫೋನ್ ಮಾಡುವುದು, ಅವಳು ತೆರೆದು ಓದಿ ಹೇಳುವುದು.

ಗಟ್ಟಿಯಾಗಿ ಓದತೊಡಗಿದಾಗ ಅವಳಿಗೇ ಇರುಸುಮುರುಸಾಯಿತು. ಕೆಲವು ವಾಕ್ಯಗಳ ಕೊನೆ ಮುಟ್ಟುವಷ್ಟರಲ್ಲಿ ಉಸಿರು ಕಟ್ಟುತ್ತಿತ್ತು. "ಇದನ್ನ ಬರೆದ ಪುಣ್ಯಾತ್ಮರು ಯಾರ್ರೀ?" ಎಂದು ಒಬ್ಬ ಗ್ರಾಹಕ ಕೇಳಿಯೇಬಿಟ್ಟ. "ಅವರು ಈಗ ಆ ಕೆಲಸದಲ್ಲಿಲ್ಲ ಸರ್," ಎಂದಳು. ಸುಳ್ಳೇನಲ್ಲ.

ಒಂದು ಬೆಳಿಗ್ಗೆ ಪರೀಕ್ಷಾ ಕಚೇರಿಯ ಹೆಂಗಸೊಬ್ಬಳ ಫೋನ್ ಬಂತು. ಮಧ್ಯಾಹ್ನ ಫಲಿತಾಂಶ ಪ್ರಕಟವಾಗಬೇಕು. ಅಂಕಗಳಿದ್ದ ಸರ್ವರ್‌ಗಳಲ್ಲಿ ಒಂದು ವಿಪರೀತ ಬಿಸಿಯಾಗುತ್ತಿದೆ, ಅದನ್ನು ಸಾಲಿನಿಂದ ಹೊರತೆಗೆಯಬೇಕು.

"ಕೈಪಿಡೀಲಿ ಇರೋ ಹಾಗೇ ಮಾಡ್ತಿದೀನಿ ಮೇಡಂ. ‘ಸರ್ವರ್ ಅನ್ನು ಖಾಲಿ ಮಾಡಿದ ನಂತರವೇ ಹೊರತೆಗೆಯಿರಿ’ ಅಂತಿದೆ. ಖಾಲಿ ಆಗೋದಕ್ಕೆ ತುಂಬ ಹೊತ್ತು ಹಿಡಿಯುತ್ತಾ?"

"ಒಳಗಿರೋರು ಕೆಲಸ ಮುಗಿಸಿ ಹೋಗೋವರೆಗೆ ಅಷ್ಟೇ."

"ಒಳಗಿರೋರಾ? ನಾನು ಫೈಲ್‌ಗಳನ್ನ ಅಳಿಸೋದಕ್ಕೆ ಹೊರಟಿದ್ದೆ. ಎಲ್ಲವನ್ನೂ ಆಯ್ಕೆ ಮಾಡಿ ಇಟ್ಟಿದೀನಿ."

ಅವಳು ಕುರ್ಚಿಯಿಂದ ಎದ್ದೇಬಿಟ್ಟಳು. "ಕೈ ತೆಗೀರಿ! ಕೀಬೋರ್ಡಿಂದ ಕೈ ತೆಗೀರಮ್ಮ!" ಎಂದು ಕಿರುಚಿದ್ದಕ್ಕೆ ಸಹಾಯವಾಣಿಯ ಸಾಲೆಲ್ಲ ಇತ್ತ ತಿರುಗಿತು.

ಖಾಲಿ ಮಾಡುವುದೆಂದರೆ ಹೊಸಬರನ್ನು ಆ ಸರ್ವರ್‌ಗೆ ಕಳಿಸದೆ, ಇದ್ದವರು ಹೊರಡುವ ತನಕ ಕಾಯುವುದು. ಎಂಜಿನಿಯರ್‌ಗಳು ಆಡುವ ಮಾತದು; ಅವಳೂ ಹಾಗೇ ಬರೆದಿದ್ದಳು. ಬೇರೆಯವರು ಬೇರೆ ಅರ್ಥ ಮಾಡಿಕೊಂಡಾರು ಎಂದು ಹೊಳೆದೇ ಇರಲಿಲ್ಲ. ಊಟ ಬಿಟ್ಟು ಜಗಳವಾಡಿ ಗೆದ್ದಿದ್ದ ಆ ಅಲ್ಪವಿರಾಮ ಇದ್ದದ್ದೂ ಅದೇ ಪುಟದಲ್ಲಿ.

ಫಲಿತಾಂಶ ಸರಿಯಾಗಿಯೇ ಬಂತು. ಆದರೆ ಪುಟ ತಿದ್ದಲು ಹೋದರೆ, ತಿದ್ದುವ ಅನುಮತಿ ಅವಳಿಗಿರಲಿಲ್ಲ. ಕೋರಿಕೆ ಕಳಿಸಿದಳು. ಮುಚ್ಚಿದ ವಿಭಾಗದಿಂದ ತಕ್ಷಣ ತಾನೇ ತಾನಾಗಿ ಉತ್ತರ ಬಂತು: ‘ಕೈಪಿಡಿಯ ಕುರಿತ ಸಂದೇಹಗಳಿಗೆ ಸಹಾಯವಾಣಿಯನ್ನು ಸಂಪರ್ಕಿಸಿ.’

ಮ್ಯಾನೇಜರ್ ಬಳಿ ಹೋದಳು. ಅವನು ಒಪ್ಪಲೇ ಇಲ್ಲ. "ತಪ್ಪಾ? ಛೆ, ನೀವು ನಿಮ್ಮ ಬಗ್ಗೆ ಹಾಗೆಲ್ಲ ಹೇಳ್ಕೋಬಾರದು. ಎಲ್ಲರೂ ಚೆನ್ನಾಗಿದೆ ಅಂತಾರೆ."

"ಎಲ್ಲರೂ ಅಂದ್ರೆ ನಮ್ಮ ಎಂಜಿನಿಯರ್‌ಗಳು ಸರ್. ಸಾಫ್ಟ್‌ವೇರ್ ಮಾಡಿದವರಿಗೇ ಅದು ಅರ್ಥವಾದ್ರೆ ಏನು ದೊಡ್ಡಸ್ತಿಕೆ? ಕೆಟ್ಟದಾಗಿ ಬರೆದಿದ್ದೀನಿ. ತಿದ್ದೋದಕ್ಕೆ ಬಿಡಿ."

ತಾನು ಕೆಟ್ಟದಾಗಿ ಬರೆದಿದ್ದೇನೆಂದು ಸಾಧಿಸಲು ಅವಳು ಪಟ್ಟ ಪಾಡು, ಚೆನ್ನಾಗಿ ಬರೆದಿದ್ದೇನೆಂದು ಸಾಧಿಸಲು ಎಂದೂ ಪಟ್ಟಿರಲಿಲ್ಲ. ಕೊನೆಗೆ ಪರೀಕ್ಷಾ ಕಚೇರಿಯಿಂದ ಖಾರವಾದ ದೂರು ಬಂದ ಮೇಲೆ ಮ್ಯಾನೇಜರ್ ಮಣಿದ. ಸಹಾಯವಾಣಿ ಬಿಡುವಂತಿಲ್ಲ, ಬಿಡುವಿದ್ದಾಗ ತಿದ್ದಿಕೊಳ್ಳಲಿ ಎಂದು ಅನುಮತಿ ಕೊಡಿಸಿದ.

ತಿದ್ದಿದ ಪುಟಗಳನ್ನು ರಜೆಯ ದಿನ ಅತ್ತೆಯ ಮುಂದೆ ಓದುತ್ತಿದ್ದಳು. ಅತ್ತೆ "ಹ್ಞೂಂ" ಎಂದರೆ ಮುಂದಿನ ವಾಕ್ಯ. "ಆಂ?" ಎಂದರೆ ಹೊಡೆದುಹಾಕಿ ಮತ್ತೆ ಬರೆಯುವುದು. ಖಾಲಿ ಮಾಡುವ ಪುಟ ಹೀಗಾಯಿತು: ‘ಈ ಸರ್ವರ್‌ಗೆ ಹೊಸಬರನ್ನು ಕಳಿಸುವುದನ್ನು ನಿಲ್ಲಿಸಿ. ಈಗಾಗಲೇ ಇರುವವರು ಕೆಲಸ ಮುಗಿಸುವ ತನಕ ಕಾಯಿರಿ. ಏನನ್ನೂ ಅಳಿಸಬೇಡಿ.’

"ಇದು ಸರಿ," ಎಂದರು ಅತ್ತೆ. "ಇದನ್ನ ಮೊದಲೇ ಹೀಗೆ ಬರೆಯೋದಕ್ಕೆ ಏನಾಗಿತ್ತು ನಿಂಗೆ?"

ಅವಳು ಆ ಪುಟವನ್ನೇ ಮತ್ತೆ ತಿರುವಿ ನೋಡಿದಳು. ಇಷ್ಟು ವರ್ಷ ಯಾರೂ ಓದುವುದಿಲ್ಲವೆಂದು ದೂರುತ್ತಿದ್ದಳೇ ಹೊರತು, ಯಾರಿಗಾದರೂ ಓದಿ ಹೇಳಬೇಕೆಂದು ತನಗೂ ಅನಿಸಿರಲಿಲ್ಲವಲ್ಲ ಎಂದು ಮನಸ್ಸು ಮುದುಡಿತು.

ಹೊಸ ಕೈಪಿಡಿ ಬಂದ ಕೆಲವು ವಾರಗಳ ಮೇಲೆ ಪರೀಕ್ಷಾ ಕಚೇರಿಯ ಹೆಂಗಸು ಮತ್ತೆ ಫೋನ್ ಮಾಡಿದಳು. "ಮೇಡಂ, ಈಗಿನದು ಒಂದೇ ಸಲಕ್ಕೆ ಅರ್ಥವಾಯ್ತು. ಹಳಬರನ್ನ ತೆಗೆದು ಬೇರೆ ಯಾರನ್ನಾದ್ರೂ ಹಾಕಿದ್ರಾ?"

"ಇಲ್ಲಮ್ಮ, ಅವರೇ," ಎಂದು ಅವಳು ನಕ್ಕಳು. "ಪೆಟ್ಟು ತಿಂದಿದ್ದಾರೆ, ಅಷ್ಟೇ."